ನುಚ್ಚಿಗೆ ಮಾರಿದ ಮಗಳು

ಆ ವರ್ಷಗಳಲ್ಲಿ ನಮ್ಮ ಮನೆಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಮಗನಿಗೆ ನೆಗಡಿ ಹಿಡಿದರೆ ಒಂದು ವಾರ ಶುರುವಾಯಿತು ಅಂತ ಲೆಕ್ಕ. ಅದು ಮಗಳಿಗಿಳಿದು ಕೆಮ್ಮಾಗಿ, ಅವಳ ಜ್ವರ ಬಿಟ್ಟು ನನ್ನ ಗಂಟಲು ಹಿಡಿಯುವ ಹೊತ್ತಿಗೆ ಮಗ ಮತ್ತೆ ಸೀನತೊಡಗಿರುತ್ತಿದ್ದ. ಅವನು ಆಗ ಒಂದನೇ ತರಗತಿ, ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ನಾನು ಜಹೀರಾಬಾದಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ಹಗಲೆಲ್ಲ ಊರ ಮಕ್ಕಳ ಮೂಗು ಒರೆಸಿ, ಅವರ ಕೆಮ್ಮನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತರ್ತೀ ಅಂತ ಗಂಡ ಚೇಷ್ಟೆ ಮಾಡುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ಆಮೇಲೆ ಆ ಮಾತು ಕೇಳಿದರೆ ಕೈಯಲ್ಲಿದ್ದ ಲಟ್ಟಣಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ನಾವಿದ್ದದ್ದು ಊರಿನ ಕೊನೆಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಚಳಿಗಾಲ ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದವು. ಎಷ್ಟು ಸಲ ನೀರು ಚಿಮುಕಿಸಿದರೂ ಧೂಳು ನಿಲ್ಲುತ್ತಿರಲಿಲ್ಲ. ಕಿಟಕಿಯ ಮೇಲೆ ಔಷಧದ ಬಾಟಲಿಗಳ ಸಾಲು, ಅವುಗಳ ಕೆಳಗೆ ಅಂಟಂಟು ಗುಲಾಬಿ ವರ್ತುಲಗಳು, ಅದಕ್ಕೆ ಮುತ್ತಿದ ಇರುವೆ. ಗಂಡ ಟ್ರ್ಯಾಕ್ಟರ್ ಕಾರ್ಖಾನೆಯ ಶಿಫ್ಟಿನಲ್ಲಿರುತ್ತಿದ್ದರು. ಮಗಳು ಹಲ್ಲು ಕಚ್ಚಿ ಔಷಧ ಉಗುಳುತ್ತಿದ್ದಳು. ನಾನು ಮತ್ತೆ ಮುಚ್ಚಳದಲ್ಲಿ ಅಳೆಯುತ್ತಿದ್ದೆ.

ನನ್ನನ್ನು ಸುಸ್ತು ಮಾಡಿದ್ದು ಕೆಮ್ಮಿಗಿಂತ ಜನರ ಪ್ರಶ್ನೆ. ಅಂಗಡಿಯವನಿಂದ ಹಿಡಿದು ಶೇರ್ ಆಟೋದಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿನ ತನಕ ಎಲ್ಲರೂ ಕೇಳುವುದು ಒಂದೇ: "ಏನ್ ತಿನ್ನಿಸಿದ್ದಿ?" ಬಾಳೆಹಣ್ಣು ಕೊಟ್ಟಿದ್ದೆಯಾ, ಮೊಸರು ಕೊಟ್ಟಿದ್ದೆಯಾ, ತಲೆಗೆ ನೀರು ಹಾಕಿದ್ದೆಯಾ. ಹುಟ್ಟಿಸಿದವರನ್ನು ಯಾರೂ ಏನೂ ಕೇಳುವುದಿಲ್ಲ. ಹೆತ್ತವಳು ಮಾತ್ರ ಎಲ್ಲರ ಮುಂದೆ ಜವಾಬು ಕೊಡಬೇಕು.

ಮಗಳ ಜ್ವರ ಜೋರಾದಾಗ ಪೆದ್ದೆಮುಲ್ ಕಡೆಯ ಹಳ್ಳಿಯಿಂದ ಅತ್ತೆ ಬರುತ್ತಿದ್ದರು. ತೊಗರಿ ಹೊಲ ಬಿಟ್ಟು, ಎರಡು ಬಸ್ಸು ಬದಲಿಸಿ ಬರುವ ಮುದುಕಿಗೆ ಏನು ಅನ್ನಲಾದೀತು? ಆದರೂ ಅವರ ಕಷಾಯ, ಧೂಪ, ದೃಷ್ಟಿ ತೆಗೆಯುವ ಮೆಣಸಿನಕಾಯಿ ಎಲ್ಲ ಸೇರಿ ನನ್ನ ಕೆಮ್ಮನ್ನೂ ಹೆಚ್ಚಿಸುತ್ತಿದ್ದವು. ಒಂದು ಮಧ್ಯಾಹ್ನ ಮೇಥಿ ಸೊಪ್ಪು ಸೋಸುತ್ತಾ ಅತ್ತೆ ತಲೆ ಎತ್ತದೆ ಹೇಳಿದರು: "ಇಕೀನ ಮಾರಿಬಿಡವ್ವಾ."

ನಮ್ಮ ಕಡೆ ಅದೊಂದು ಹಳೆಯ ಪದ್ಧತಿ. ಕೂಸು ಮೇಲಿಂದ ಮೇಲೆ ಜಡ್ಡು ಬಿದ್ದರೆ, ಬಿಮಾರಿಗೆ ಆ ತಾಯಿಯ ಮೇಲೆ ಕಣ್ಣಿದೆ ಅಂತ ಅರ್ಥ. ಆಗ ಮಕ್ಕಳು ಗಟ್ಟಿಮುಟ್ಟಾಗಿರುವ ಹೆಂಗಸೊಬ್ಬಳಿಗೆ ಕೂಸನ್ನು ಮೊರದಲ್ಲಿಟ್ಟು ಮಾರುವುದು. ಬೆಲೆ ಒಂದು ಬೊಗಸೆ ಜೋಳದ ನುಚ್ಚು. ಆ ನುಚ್ಚನ್ನು ಬೇಯಿಸಿ, ಒಂದು ಅಗುಳೂ ಬಿಡದೆ, ಯಾರಿಗೂ ಪಾಲು ಕೊಡದೆ ಹೆತ್ತವಳೇ ಉಣ್ಣಬೇಕು. ಉಂಡಮೇಲೆ ಮಾರಾಟ ಪಕ್ಕಾ. ಅಲ್ಲಿಂದ ಮುಂದೆ ಕೂಸು ಕೊಂಡವಳದು, ಹೆತ್ತವಳು ಬರೀ ಸಾಕುವ ಆಳು. ಬಿಮಾರಿ ಹುಡುಕಿಕೊಂಡು ಬಂದರೆ "ನನ್ನದಲ್ಲ, ಅವರದು" ಅನ್ನಬೇಕು. ಶಾಲೆಗೆ ಹಾಕುವ ವಯಸ್ಸಿಗೆ ಎರಡು ಬೊಗಸೆ ನುಚ್ಚು, ಒಂದು ಸೀರೆ ಕೊಟ್ಟು ಬಿಡಿಸಿಕೊಳ್ಳುವುದು.

ಗಂಡನಿಗೆ ಸಿಟ್ಟು ಬಂತು. "ನಾವು ಬುದ್ಧನ ಮಂದಿ. ಗ್ವಾಡಿ ಮ್ಯಾಗಿನ ಬುದ್ಧನ ಫೋಟೋ ಕೆಳಗ ಕುಂತು ಕೂಸು ಮಾರ್ತೀರೇನು?"

"ನೀನೂ ಮಾರಿದ ಮಾಲೇ," ಅಂದರು ಅತ್ತೆ. "ಬಿಡಿಸಿಕೊಂಡಿದ್ದೇ ತಪ್ಪಾತು ಅನಸ್ತದ ಒಮ್ಮೊಮ್ಮೆ."

ನಾನು ಬೇಡ ಅನ್ನಲಿಲ್ಲ. ನಂಬಿಕೆ ಇತ್ತು ಅಂತಲ್ಲ. ಬೇಡ ಅನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು, ಅದಿರಲಿಲ್ಲ.

ಕೊಳ್ಳುವವರು ಪಕ್ಕದ ಮನೆಯ ಅಕ್ಕ. ಮನೂರಿನ ಕಡೆಯಿಂದ ಬಂದ ಕುರಿ ಸಾಕುವ ಮನೆತನ. ಮನೆ ಹಿಂದೆ ಹಟ್ಟಿ, ಗಂಡ ಮಕ್ಕಳು ಮಂದೆ ಹೊಡೆದುಕೊಂಡು ಹೊಲಹೊಲ ತಿರುಗುವವರು. ಅಕ್ಕನ ಮಕ್ಕಳು ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿದರೂ ಸೀನದ ಜಾತಿ. ನನ್ನನ್ನು "ಟೀಚರಮ್ಮಾ" ಅಂತ ಪ್ರೀತಿಯಿಂದಲೇ ಕರೆಯುತ್ತಿದ್ದರು. ಕಾಂಪೌಂಡ್ ಗೋಡೆಯ ಮೇಲಿಂದ ಕೊತ್ತಂಬರಿ ಕೊಡುತ್ತಿದ್ದರು. ಆದರೆ ಒಂದು ದಿನವೂ ನಮ್ಮ ಹೊಸ್ತಿಲು ದಾಟಿರಲಿಲ್ಲ, ನಮ್ಮ ಮನೆಯ ಚಹಾ ಕುಡಿದಿರಲಿಲ್ಲ. "ಈಗ ತಾನೇ ಕುಡದೀನಿ" ಅನ್ನುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮಾರಾಟ ಒಂದು ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ನಡೆಯಿತು. ಅತ್ತೆ ಮೊರ ಹಿಡಿದಿದ್ದರು, ಮೊರದಲ್ಲಿ ಮಗಳು ಮೂಗು ಸೋರಿಸುತ್ತಾ ಕೂತಿದ್ದಳು. ಅಕ್ಕ ಸಂತೆಯಲ್ಲಿ ಮರಿ ನೋಡುವ ಹಾಗೆ ಪಕ್ಕೆಲುಬು ಮುಟ್ಟಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಮರಿ ಬಡಕಲದ. ಆದ್ರ ಕಣ್ಣು ಚುರುಕದಾವ. ಕೊಂಡೆ," ಅಂತ ನನ್ನ ಸೆರಗಿಗೆ ಒಂದು ಬೊಗಸೆ ನುಚ್ಚು ಸುರಿದರು. ಮಧ್ಯಾಹ್ನ ಅದನ್ನು ಬೇಯಿಸಿ, ಮಜ್ಜಿಗೆ ಹಾಕಿಕೊಂಡು ಉಂಡೆ. ಮಗಳ ಬೆಲೆ ಉಣ್ಣುತ್ತಿದ್ದೇನೆ ಅಂತ ಅಳು ಬರಬಹುದು ಅಂದುಕೊಂಡಿದ್ದೆ. ಬಂದದ್ದು ನಿದ್ದೆ.

ಕೆಮ್ಮೇನೂ ನಿಲ್ಲಲಿಲ್ಲ. ಬಿಮಾರಿ ಅಷ್ಟು ದಡ್ಡ ಅಲ್ಲ. ಆದರೆ ಮಾರನೇ ದಿನದಿಂದ ಅಕ್ಕ ತಮ್ಮ ಮಾಲು ನೋಡಲು ಬರತೊಡಗಿದರು. ಮೊದಲು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದರು: "ನನ್ನ ಕೂಸಿನ ಮೈ ಯಾಕ ಬೆಚ್ಚಗದ? ಟೊಪ್ಪಿಗಿ ಯಾಕ ಹಾಕಿಲ್ಲ?" ನನಗೆ ಉರಿಯುತ್ತಿತ್ತು. ಕೇಳುವವರ ಸಾಲಿಗೆ ಇನ್ನೊಬ್ಬರು! ಆದರೆ ಇವರು ಕೇಳಿ ಹೋಗಿಬಿಡುವವರಲ್ಲ. ಮಗಳನ್ನು ಕಂಕುಳಿಗೆ ಹಾಕಿಕೊಂಡು ಹಟ್ಟಿ ಸುತ್ತಿಸಿ, ನಾನು ಶಾಲೆಯಿಂದ ಬರುವ ತನಕ ಇಟ್ಟುಕೊಳ್ಳುತ್ತಿದ್ದರು. ಯಾವತ್ತೋ ಒಂದು ದಿನ ಮಗಳು ಒಳಗೆ ಚೀರಿದಾಗ ಹೊಸ್ತಿಲು ದಾಟಿ ಬಂದರು. ದಾಟಿದ್ದು ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ. ನನಗೆ ಬಂತು.

ಸಂಕ್ರಾಂತಿ ಮುಂದಿರುವಾಗ ಮಗಳಿಗೆ ಎದೆ ಕಟ್ಟಿತು. ಆಸ್ಪತ್ರೆಗೆ ಹೋಗಿ ಬಂದಿದ್ದೆವು, ಔಷಧ ನಡೆದಿತ್ತು. ಆ ದಿನ ಸ್ವಲ್ಪ ಗೆಲುವಾಗಿದ್ದಾಳೆ ಅನ್ನಿಸಿ, ರಜೆ ಉಳಿಯದೆ ನಾನು ಶಾಲೆಗೆ ಹೋಗಿದ್ದೆ. ಮಧ್ಯಾಹ್ನ ಅತ್ತೆಯ ಫೋನು: "ಕೂಸಿನ ಪಕ್ಕಿ ಹಾರಾಕತ್ತ್ಯಾವ, ಜಲ್ದಿ ಬಾ." ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ಓಡಿ ಬಂದೆ. ಅಂಗಳದಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಮುಂದೆ ಬೋಗುಣಿಯಲ್ಲಿ ಕೆಂಡ, ಕೆಂಡದಲ್ಲಿ ಕಬ್ಬಿಣದ ಕಡ್ಡಿ. ಅತ್ತೆ ಬರೆ ಹಾಕುವವನನ್ನು ಕರೆಸಿದ್ದರು. ಕಾಯಿಸಿದ ಕಡ್ಡಿಯಿಂದ ಹೊಟ್ಟೆ ಸುಟ್ಟರೆ ಉಸಿರು ಸಡಿಲಾಗುತ್ತದೆ ಅನ್ನುವುದು ಅವರ ಕಾಲದ ನಂಬಿಕೆ.

"ಬ್ಯಾಡ್ರಿ ಅತ್ತಿ. ಆಟೋ ಕರೀತೀನಿ, ದವಾಖಾನಿಗೆ ಹೋಗೋಣು," ಅಂದೆ.

"ದವಾಖಾನಿ ತಿರುಗಿ ತಿರುಗಿ ಏನಾತು?" ಅತ್ತೆಯ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ಮಗಳನ್ನು ಗಟ್ಟಿಯಾಗಿ ಹಿಡಿದಿತ್ತು. "ನೀ ಮಾರಿದಾಕಿ. ಬ್ಯಾಡ ಅನ್ನಾಕ ನಿನಗೇನು ಹಕ್ಕದ?"

ನನ್ನ ಗಂಡ ಶಿಫ್ಟಿನಲ್ಲಿ, ಫೋನು ಲಾಕರಿನಲ್ಲಿ. ನನ್ನ ತಲೆ ಖಾಲಿಯಾಗಿತ್ತು. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಕಾಲಿಗೆ ಜೀವ ಬಂತು. "ಹಂಗಾದ್ರ ಕೊಂಡಾಕಿನ್ನೇ ಕರೀತೀನಿ," ಅಂತ ಪಕ್ಕದ ಹಟ್ಟಿಗೆ ಓಡಿದೆ. ಅಕ್ಕ ಯಾವ ಕಡೆ ನಿಲ್ಲುತ್ತಾರೋ ನನಗೇನು ಗೊತ್ತು? ಕುರಿಗಳಿಗೆ ಅವರು ಬರೆ ಹಾಕುವುದನ್ನು ಕಂಡಿದ್ದೆ. ಅವರ ಚಿಕ್ಕ ಮಗ ಅಂಗಿ ಬಿಚ್ಚಿ ಸ್ನಾನ ಮಾಡುವಾಗ ಹೊಟ್ಟೆಯ ಮೇಲಿನ ಸುಟ್ಟ ಗೆರೆಗಳನ್ನೂ ಕಂಡಿದ್ದೆ.

ಅಕ್ಕ ಬಂದರು. ಮಗಳ ಅಂಗಿ ಎತ್ತಿ ಪಕ್ಕೆ ನೋಡಿದರು. ಕೆಂಡದ ಕಡೆ ನೋಡಿದರು. ನನಗೆ ಅದೇ ಒಂದು ಯುಗ.

"ಮಾಲು ಯಾರದು?" ಅಂತ ಅತ್ತೆಯನ್ನು ಕೇಳಿದರು.

"ನಿಂದೇ."

"ನಂದಾದ್ರ ಕಬ್ಬಿಣ ತಗೀರಿ." ದನಿ ಜೋರಿರಲಿಲ್ಲ. "ನನ್ನ ಸಣ್ಣಂವಗ ಹಾಕಿಸಿದ್ದೆ. ಉಳದಾನ, ಖರೆ. ಯಾವ ಪುಣ್ಯಾಕ ಉಳದಾನೋ. ಆದ್ರ ಅವ ಚೀರಿದ್ದು ಇವತ್ತಿಗೂ ನನ್ನ ಕಿವ್ಯಾಗದ. ಇನ್ನೊಮ್ಮೆ ಕೇಳಾಕ ನನ್ನ ಕೈಲಿ ಆಗಂಗಿಲ್ಲ."

ಅತ್ತೆ ಕೈ ಸಡಿಲಿಸಿದರು. ಅಕ್ಕ ಮಗಳನ್ನು ತಮ್ಮ ಕಂಬಳಿಯಲ್ಲಿ ಸುತ್ತಿಕೊಂಡು ಹೊರಟೇ ಬಿಟ್ಟರು. ಮುದುಕ ಅದೇ ಕೆಂಡದಲ್ಲಿ ಬೀಡಿ ಹಚ್ಚಿಕೊಂಡ. ನಾನು ನಿಲ್ಲಿಸಿದ ಆಟೋಗೆ ಅತ್ತೆಯೂ ಹತ್ತಿದರು. ದಾರಿಯುದ್ದಕ್ಕೂ ಮಗಳ ಪಾದ ತಿಕ್ಕುತ್ತಿದ್ದರು.

ಆಸ್ಪತ್ರೆಯಲ್ಲಿ ಮಗಳ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ಡಾಕ್ಟರ್ ಹೇಳಿದರು. ಒಳಗೆ ಒಬ್ಬರೇ ಇರಬೇಕು, ತಾಯಿ ಯಾರು ಅಂತ ನರ್ಸ್ ತೆಲುಗಿನಲ್ಲಿ ಕೇಳಿದಳು. ನಾನು ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತಿನಲ್ಲಿ "ನನ್ನದು" ಅನ್ನಲು ಧೈರ್ಯ ಬರಲಿಲ್ಲ. ಎಲ್ಲಿ ಬಿಮಾರಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೀತೋ ಅಂತ ಹೆದರಿಕೆ. ಅಕ್ಕ ಗದ್ದದಿಂದ ನನ್ನ ಕಡೆ ತೋರಿಸಿ ಹೇಳಿದರು: "ಹೆತ್ತಾಕಿ ಇಕಿ. ಕೊಂಡಾಕಿ ನಾನು." ನರ್ಸಿಗೆ ಅರ್ಥವಾಯಿತೋ ಇಲ್ಲವೋ, ಇಬ್ಬರನ್ನೂ ಒಳಗೆ ಬಿಟ್ಟಳು.

ಸಂಜೆಗೆ ಮಗಳ ಏದುಸಿರು ಇಳಿಮುಖಕ್ಕೆ ಬಂತು. ಗಂಡ ಶಿಫ್ಟ್ ಮುಗಿಸಿ, ಮನೆಯಲ್ಲಿ ಚಹಾ ಕಾಯಿಸಿ ಫ್ಲಾಸ್ಕಿನಲ್ಲಿ ತಂದರು. ಮೂವರಿಗೂ ಬಗ್ಗಿಸಿದರು. ಅಕ್ಕನಿಗೆ ಲೋಟ ಕೊಡುವಾಗ ಗಂಡನ ಕೈ ಒಂದು ಕ್ಷಣ ತಡೆಯಿತು. ಅಕ್ಕ ತೆಗೆದುಕೊಂಡು ಸೊರ್ ಅಂತ ಎಳೆದು, "ಸಕ್ಕರಿ ಭಾಳ ಆಗ್ಯಾದ," ಅಂದರು. ಅಷ್ಟೇ.

ಆ ಹೊತ್ತಿಗೆ ನನ್ನೊಳಗೆ ಕಟ್ಟಿ ನಿಂತದ್ದೆಲ್ಲ ಒಡೆಯಿತು. ಅಕ್ಕನ ಭುಜಕ್ಕೆ ಹಣೆ ಒತ್ತಿ ಅತ್ತುಬಿಟ್ಟೆ. ಕಂಬಳಿಗೆ ಕುರಿಯ ವಾಸನೆಯಿತ್ತು. "ಅಕ್ಕಾ, ನನ್ನೂ ಕೊಂಡುಬಿಡ್ರಿ," ಅಂದೆ. "ನನ್ನ ಕೈಲಿ ಆಗವಲ್ದು."

"ದೊಡ್ಡ ಕುರಿ ನಾ ಕೊಳ್ಳಂಗಿಲ್ಲ ತಂಗಿ. ಹಲ್ಲು ನೋಡಬೇಕಾಗ್ತದ, ಮೇವು ಬ್ಯಾರೆ ಭಾಳ," ಅಂತ ನಕ್ಕರು. ಟೀಚರಮ್ಮ ಹೋಗಿ ತಂಗಿ ಆಗಿದ್ದೆ. ಅದು ಆಮೇಲೆ ನೆನಪಾಯಿತು.

ಮುಂದೆಯೂ ಕೆಮ್ಮು ಬಂತು, ಹೋಯಿತು, ಬಂತು. ಬೆಳೆದಂತೆ ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಆಯಿತು ಕೂಡ, ಆದರೆ ನನ್ನ ಜೀವ ಹಿಂಡಿಕೊಂಡೇ ಆಯಿತು. ಮಗಳನ್ನು ನನ್ನದೇ ಎಲ್‌ಕೆಜಿಗೆ ಹಾಕುವ ವರ್ಷ ಬಂದಾಗ ಅತ್ತೆ ತಾಂಡೂರಿನಲ್ಲಿ ಸೀರೆ ಕೊಂಡು, ಊರಿನ ಜೋಳ ಒಡೆಸಿದ ನುಚ್ಚು ಕಟ್ಟಿಕೊಂಡು ಬಂದರು. ಮಗಳಿಗೆ ಇದೆಲ್ಲ ಆಟ. ತಾನೇ ಮೊರದಲ್ಲಿ ಹತ್ತಿ ಕೂತಳು. ನನಗೆ ಮಾತ್ರ ಬೆಳಗಿನಿಂದ ಕೆಲಸ ಮಾಡಲು ಮನಸ್ಸಿಲ್ಲ. ಬಿಡಿಸಿಕೊಂಡ ಮೇಲೆ ಅಕ್ಕನಿಗೆ ಬರಲು ಕಾರಣವೇನುಳಿಯಿತು? ಮತ್ತೆ ಗೋಡೆಯ ಮೇಲಿನ ಕೊತ್ತಂಬರಿ, ಮತ್ತೆ ನಾನೊಬ್ಬಳೇ ಎಲ್ಲದಕ್ಕೂ ಜವಾಬು. ಇನ್ನೊಂದು ವರ್ಷ ಇರಲಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೆತ್ತವಳು ಹಾಗೆ ಹೇಳುವುದೆಂತು?

ಅಕ್ಕ ಸೀರೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಂದು ಬೊಗಸೆ ನುಚ್ಚನ್ನು ತಮ್ಮ ಉಡಿಗೆ ಹಾಕಿಕೊಂಡರು. ಇನ್ನೊಂದು ಬೊಗಸೆಯನ್ನು ನನ್ನ ಸೆರಗು ಎಳೆದು ಅದಕ್ಕೇ ಸುರಿದರು.

"ಇದೇನ್ರಿ ಅಕ್ಕಾ?"

"ಅವತ್ತು ದವಾಖಾನ್ಯಾಗ ಕೊಂಡುಬಿಡ್ರಿ ಅಂತ ಕೇಳಿದ್ದಿಲ್ಲ?" ಅಂದರು. "ಹೋಗ್ಲಿ, ಹಲ್ಲು ನೋಡಂಗಿಲ್ಲ. ತಗೋ."

ಆ ಸಂಜೆ ನನ್ನ ಬೆಲೆಯ ಆ ನುಚ್ಚು ಬೇಯಿಸಿ, ಮಜ್ಜಿಗೆ ಹಾಕಿಕೊಂಡು ಉಣ್ಣಲು ಕೂತೆ. ಮಕ್ಕಳಿಬ್ಬರೂ ಬಂದು ಎದುರಿಗೆ ಕೂತರು. ಮಗಳು ಬಾಯಿ ತೆರೆದು ಒಂದು ತುತ್ತು ಕೇಳಿದಳು. ನಾನು ಕೊಡಲಿಲ್ಲ.