ನೆರೆಯಲ್ಲಿ ನೆನೆದ ಮಾಂಗಾಕ್ಕೆ ತೆಕ್ಕಟ್ಟೆಯ ರಟ್ಟು

ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಓಡಾಟ ಇನ್ನೂ ನಿಂತಿಲ್ಲ. ತೆಕ್ಕಟ್ಟೆಯ ಒಳರಸ್ತೆಯ ಹಂಚಿನ ಮನೆಯಲ್ಲಿ ಸುಗುಣ ಒಲೆ ಹೊತ್ತಿಸಿದ್ದಾರೆ. ಒಲೆಯ ಮೇಲಿರುವುದು ಚಹಾದ ಪಾತ್ರೆಯಲ್ಲ, ಅಂಚು ಕಪ್ಪಾದ ಅಲ್ಯೂಮಿನಿಯಂ ಬೋಗುಣಿ. ಅದರಲ್ಲಿ ನೀರಿಗೆ ಕದಡಿದ ಮೈದಾ ನಿಧಾನಕ್ಕೆ ಗಟ್ಟಿಯಾಗುತ್ತಿದೆ. ಹುಳ ಹಿಡಿಯದಿರಲೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಬಿದ್ದಾಗಿದೆ. ಮರದ ಸೌಟು ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ನಿಲ್ಲಿಸಿದರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದರೆ ಪುಸ್ತಕದ ಬೆನ್ನು ಉಬ್ಬುತ್ತದೆ.

"ಚಾ ಆಮೇಲೆ. ಗೋಂದ್ ಬಿಸಿ ಇಪ್ಪುವಾಗ ಹಚ್ಚುಕಾತಿಲ್ಲೆ, ತಣಿಕ್. ಈಗ ಕಾಸಿರೆ ಬೆಳಕ್ ಬಪ್ಪುದ್ರೊಳ್ಗೆ ಹದಕ್ಕೆ ಬತ್ತ್" ಎನ್ನುತ್ತಾರೆ ಸುಗುಣ, ಸೌಟು ನಿಲ್ಲಿಸದೆ.

ಪಕ್ಕದ ಚಾವಡಿಯಲ್ಲಿ ಕೆಲಸದ ಮೇಜು. ಅದರ ಮೇಲೆ ಕಬ್ಬಿಣದ ತಿರುಪಿನ ಒತ್ತುಯಂತ್ರ, ಸೂಜಿ, ಮೇಣ ತಿಕ್ಕಿದ ನೂಲು. ನಡುವೆ ಬಿಳಿ ಬಟ್ಟೆ ಮುಚ್ಚಿಟ್ಟ ಪುಟ್ಟ ಹಾಳೆಗಳ ಕಟ್ಟುಗಳು. ಬಟ್ಟೆ ಸರಿಸಿದರೆ ದೊಡ್ಡ ಕಣ್ಣಿನ ಹುಡುಗರು, ಗಾಳಿಗೆ ಹಾರುವ ಕೂದಲು, ಮಳೆಗೆರೆಗಳು, ಕತ್ತಿ ಹಿಡಿದು ನೆಗೆಯುವ ಹುಡುಗಿಯರು. ಮಾಂಗಾ ಎಂದು ಕರೆಯುವ ಜಪಾನಿನ ಚಿತ್ರಕಥೆಗಳು ಇವು, ಇಂಗ್ಲಿಷಿಗೆ ಬಂದಿರುವಂಥವು. ಇವುಗಳ ಇಂಗ್ಲಿಷು ಸುಗುಣರಿಗೆ ಅರ್ಥವಾಗುವುದಿಲ್ಲ. ಆದರೆ ಇಲ್ಲಿರುವ ಒಂದೊಂದು ಹಾಳೆಯನ್ನೂ ಅವರು ಕೈಯಾರೆ ಒಣಗಿಸಿದ್ದಾರೆ.

ಸುಗುಣ ರಟ್ಟು ಹಾಕುವುದನ್ನು ಕಲಿತದ್ದು ಕುಂದಾಪುರದ ಒಂದು ಮುದ್ರಣಾಲಯದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆ ಕಾಗದ ಮಡಚುವ ಕೆಲಸಕ್ಕೆ ಸೇರಿದವರು ಹಿರಿಯ ಕೆಲಸಗಾರ ಬಚ್ಚನವರ ಪಕ್ಕ ಕುಳಿತು ಹೊಲಿಗೆ ಹಿಡಿದರು. ಶಾಲೆಯ ಹಾಜರಿ ಪುಸ್ತಕ, ಅಂಗಡಿಗಳ ಬಿಲ್ ಬುಕ್, ವಕೀಲರ ಕಾನೂನು ಪುಸ್ತಕ ಎಲ್ಲವೂ ಅವರ ಕೈ ದಾಟಿ ಹೋದವು. ಕಂಪ್ಯೂಟರು ಬಂದ ಮೇಲೆ ಮುದ್ರಣಾಲಯ ಮುಚ್ಚಿತು. ಮಾಲೀಕರು ಒತ್ತುಯಂತ್ರವನ್ನು ಗುಜರಿಗೆ ಹಾಕುವ ಬದಲು ಸುಗುಣರಿಗೆ ಕೊಟ್ಟರು. ಗಂಡ ದುಗ್ಗಪ್ಪ ತನ್ನ ಗೂಡ್ಸ್ ರಿಕ್ಷಾದಲ್ಲಿ ಅದನ್ನು ಹೇರಿಕೊಂಡು ಬಂದು ಚಾವಡಿಯಲ್ಲಿ ಕೂರಿಸಿದರು.

ಆಮೇಲಿನ ವರ್ಷಗಳು ಸಲೀಸಾಗಿರಲಿಲ್ಲ. ಶಾಲೆಗಳ ಹಾಜರಿ ಮೊಬೈಲಿಗೆ ಹೋಯಿತು, ಬಿಲ್ಲುಗಳು ಯಂತ್ರದಿಂದಲೇ ಹೊರಬರತೊಡಗಿದವು. ಬೆರಳ ಗಂಟುಗಳಲ್ಲಿ ನೋವು ಶುರುವಾಯಿತು. ಕೈಯಲ್ಲಿ ಕೆಲಸವಿಲ್ಲದ ದಿನಗಳೇ ಹೆಚ್ಚಾದಾಗ, ಚೌತಿ ಹಬ್ಬ ಕಳೆದ ಮೇಲೆ ಗೇರುಬೀಜದ ಫ್ಯಾಕ್ಟರಿಗೆ ಸೇರುವುದೆಂದು ಸುಗುಣ ಒಪ್ಪಿಕೊಂಡಿದ್ದರು. ಮೇಜು ತೆಗೆದು ಅಲ್ಲಿ ಹೊಲಿಗೆ ಮಿಷನ್ ಇಡುವ ಮಾತೂ ಆಗಿತ್ತು.

ಹೋದ ಮಳೆಗಾಲದಲ್ಲಿ, ಚೌತಿಗೆ ಇನ್ನೂ ಸಮಯವಿರುವಾಗ, ಒಬ್ಬ ಹುಡುಗಿ ಎರಡು ಅಕ್ಕಿ ಚೀಲ ಎಳೆದುಕೊಂಡು ಮನೆಯ ಮೆಟ್ಟಿಲಿಗೆ ಬಂದಳು. ಚೀಲದಿಂದ ನೀರು ಇಳಿಯುತ್ತಿತ್ತು.

ಆಕೆ ನಾವುಂದದ ನಿಖಿತಾ. ಬೈಂದೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರುಗಳ ವಿನ್ಯಾಸ ಮಾಡುವುದು ಅವಳ ಕೆಲಸ. ಬಾಲ್ಯ ಕಳೆದದ್ದು ಮುಂಬೈಯಲ್ಲಿ. ಅಪ್ಪ ದುಡಿಯುತ್ತಿದ್ದ ಹೋಟೆಲಿನ ಎದುರಿನ ಫುಟ್‌ಪಾತ್ ಅಂಗಡಿಯಲ್ಲಿ ಅವಳಿಗೆ ಮೊದಲ ಮಾಂಗಾ ಸಿಕ್ಕಿತ್ತು. ತೆಳು ರಟ್ಟಿನ ಪೇಪರ್‌ಬ್ಯಾಕ್, ಮೂಲೆ ಮಡಚಿದ್ದು. ಹೋಟೆಲು ಮುಚ್ಚಿ ಸಂಸಾರ ಊರಿಗೆ ಬಂದಾಗ ಶಾಲೆಯಲ್ಲಿ ಯಾರ ಪರಿಚಯವೂ ಇಲ್ಲದ ಹುಡುಗಿಗೆ ಅಂಥ ಪುಸ್ತಕಗಳೇ ಜೊತೆ. ಅವುಗಳನ್ನು ನೋಡಿ ನೋಡಿಯೇ ಚಿತ್ರ ಬಿಡಿಸುವುದನ್ನು ಕಲಿತಳು.

ಸಂಬಳ ಬರತೊಡಗಿದ ಮೇಲೆ ಸಂಗ್ರಹದ ಹುಚ್ಚು ಹತ್ತಿತು. ಆನ್‌ಲೈನಿನಲ್ಲಿ ಸಿಕ್ಕ ಗೆಳೆಯರೆಲ್ಲ ಹಾರ್ಡ್‌ಕವರಿನ ಪಕ್ಷ. ಪೇಪರ್‌ಬ್ಯಾಕ್ ಓದಲಿಕ್ಕೆ, ಹಾರ್ಡ್‌ಕವರ್ ಇಟ್ಟುಕೊಳ್ಳಲಿಕ್ಕೆ ಎಂಬುದು ಅವರ ಲೆಕ್ಕ. ಕರಾವಳಿಯ ತೇವಕ್ಕೆ ತೆಳು ಪುಸ್ತಕದ ಬೆನ್ನು ಬಾಗುವುದನ್ನೂ ಹಾಳೆ ಹಳದಿಯಾಗುವುದನ್ನೂ ನೋಡಿದ್ದ ನಿಖಿತಾಳಿಗೆ ಆ ಮಾತು ಸರಿಯೆನಿಸಿತು. ಓದಿ ಮುಗಿಸಿದ್ದ ಕಥೆಗಳನ್ನೇ ಮತ್ತೆ ಹಾರ್ಡ್‌ಕವರಿನಲ್ಲಿ ತರಿಸಿದಳು. ದಪ್ಪ ರಟ್ಟು, ನುಣುಪು ಹಾಳೆ, ಹೊಳೆಯುವ ಅಕ್ಷರ. ಭಾರವೆಂದು ಅವುಗಳನ್ನು ಗಾಜಿನ ಕಪಾಟಿನ ಕೆಳಗಿನ ಹಂತದಲ್ಲಿ ಜೋಡಿಸಿದಳು. ಹಳೆಯ ಪೇಪರ್‌ಬ್ಯಾಕುಗಳನ್ನು ಮಾರಿಬಿಡೋಣವೆಂದು ಪೆಟ್ಟಿಗೆಗೆ ತುಂಬಿ ಮಂಚದ ಅಡಿಗೆ ತಳ್ಳಿದಳು.

ಜುಲೈಯಲ್ಲಿ ಹೊಳೆ ಉಕ್ಕಿತು. ಮನೆಯವರು ಅಜ್ಜಿಯನ್ನು ಎತ್ತಿಕೊಂಡು, ದನದ ಹಗ್ಗ ಬಿಚ್ಚಿ, ಎತ್ತರದ ಶಾಲೆಗೆ ಹೋದರು. ನೀರು ಇಳಿದ ಮೇಲೆ ಬಂದು ನೋಡಿದರೆ ಕಪಾಟೂ ಪೆಟ್ಟಿಗೆಯೂ ಕೆಸರಿನಲ್ಲಿ. ಉಡುಪಿ, ಬ್ರಹ್ಮಾವರ ಎಂದು ಕೇಳಿದ ಕಡೆಯಲ್ಲೆಲ್ಲ ಎಸೆಯಿರಿ ಎಂದೇ ಹೇಳಿದರು. ಫ್ಲೆಕ್ಸ್ ಅಂಗಡಿಯ ಪ್ರವೀಣ್ ಮಾತ್ರ ತೆಕ್ಕಟ್ಟೆಯ ಹೆಸರು ಹೇಳಿದ. ಅವನ ಅಪ್ಪನ ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿದ್ದು ಸುಗುಣ.

"ಸುಗುಣಕ್ಕ, ಇದ್ ಸರಿ ಮಾಡುಕೆ ಆತ್ತಾ?" ನಿಖಿತಾ ಮೊದಲು ಹೊರತೆಗೆದದ್ದು ಹಾರ್ಡ್‌ಕವರುಗಳನ್ನು.

ಸುಗುಣ ಒಂದನ್ನು ಕೈಗೆ ತೆಗೆದುಕೊಂಡರು. ರಟ್ಟು ಉಬ್ಬಿ ಬಾಗಿತ್ತು. ಅದು ದೊಡ್ಡ ವಿಷಯವಲ್ಲ, ರಟ್ಟು ಬೇರೆ ಹಾಕಬಹುದು. ಆದರೆ ಒಳಗಿನ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಚೂರಿಯ ತುದಿಯಿಂದ ಬಿಡಿಸಲು ನೋಡಿದರೆ ಚಿತ್ರವೇ ಕಿತ್ತು ಬರುತ್ತಿತ್ತು. ಹೊಳಪಿಗಾಗಿ ಹಚ್ಚಿದ ಲೇಪ ನೀರಿನಲ್ಲಿ ಗೋಂದಾಗಿತ್ತು.

"ಇದ್ ಆಪುದಿಲ್ಲೆ ಹೆಣ್ಣೆ. ಸುಳ್ಳ್ ಹೇಳಿ ಇಟ್ಕಂಬುದ್ ಬ್ಯಾಡ" ಎಂದರು.

ನಿಖಿತಾ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅವಳು ಅಳುತ್ತಿರುವಷ್ಟೂ ಹೊತ್ತು ಸುಗುಣ ಎರಡನೇ ಚೀಲವನ್ನು ಸುರಿದು ನೋಡುತ್ತಿದ್ದರು. ಪೇಪರ್‌ಬ್ಯಾಕುಗಳ ಬೆನ್ನಿನ ಅಂಟು ಬಿಟ್ಟು ಹಾಳೆಗಳು ಬಿಡಿಬಿಡಿಯಾಗಿದ್ದವು. ಒರಟು ಕಾಗದ, ನೀರು ಕುಡಿದು ದಪ್ಪವಾಗಿತ್ತು. ಆದರೆ ಒಂದು ಹಾಳೆ ಇನ್ನೊಂದಕ್ಕೆ ಅಂಟಿರಲಿಲ್ಲ. ಶಾಯಿ ಕದಡಿರಲಿಲ್ಲ.

"ಇದ್ ಬದ್ಕತ್ತ್" ಎಂದರು ಸುಗುಣ.

"ಅದ್ ಮಾರುಕೆ ಇಟ್ಟದ್ದ್ ಅಕ್ಕ" ಎಂದಳು ಹುಡುಗಿ.

"ಮಾರುದಾರೂ ಒಣಗ್ಸಿ ಮಾರ್ಕಲೆ!"

ಆ ಮಳೆಯಲ್ಲಿ ಹಾಳೆ ಒಣಗಿಸಲು ಬಿಸಿಲೆಲ್ಲಿದೆ? ಸುಗುಣರ ಅಡುಗೆಮನೆಯಲ್ಲಿ ಒಲೆಯ ಮೇಲೆ ಕೊಬ್ಬರಿ, ಹುಣಸೆ ಇಡಲು ಬಿದಿರಿನ ಅಟ್ಟವಿದೆ. ಒಣಮೀನಿನ ಡಬ್ಬಿಗಳನ್ನು ಅಲ್ಲಿಂದ ಇಳಿಸಿ, ಅಟ್ಟವನ್ನು ಒರೆಸಿ, ಹಳೆಯ ಸೀರೆ ಹಾಸಿದರು. ಹಾಳೆಗಳ ಕೆಸರನ್ನು ಬೋಗುಣಿಯ ನೀರಿನಲ್ಲಿ ತೊಳೆದು, ಪೇಪರಿನ ನಡುವೆ ಒತ್ತಿ, ಅಟ್ಟಕ್ಕೆ ಏರಿಸಿದರು. ಒಲೆ ದಿನವಿಡೀ ಸಣ್ಣ ಉರಿಯಲ್ಲಿ ಇರಬೇಕು. ದುಗ್ಗಪ್ಪ ತೆಂಗಿನ ಗರಿ, ಸೌದೆ ಒಟ್ಟುವುದಕ್ಕೆ ನಿಂತರು. ನಿಖಿತಾ ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಬಂದು, ಪುಟಗಳನ್ನು ಕ್ರಮಕ್ಕೆ ಜೋಡಿಸಿ, ಇಸ್ತ್ರಿಪೆಟ್ಟಿಗೆ ಹಿಡಿದು ಕೂರುತ್ತಿದ್ದಳು. ಚೌತಿ ಬಂತು, ಹೋಯಿತು. ಫ್ಯಾಕ್ಟರಿಯಿಂದ ಕರೆ ಬಂದಾಗ ಸುಗುಣ, "ಅಟ್ಟದ್ ತುಂಬ ಪುಸ್ತಕ ಇತ್ತ್ ಮಾರಾಯ್ರೆ, ಬಿಟ್ಟಿಕ್ಕಿ ಬಪ್ಪುದ್ ಹ್ಯಾಂಗೆ?" ಎಂದುಬಿಟ್ಟರು.

ಮೊದಲ ಪುಸ್ತಕವನ್ನು ಸುಗುಣ ಒಬ್ಬರೇ ಹೊಲಿದು, ಕಡುನೀಲಿ ಬಟ್ಟೆಯ ಗಟ್ಟಿ ರಟ್ಟು ಹಾಕಿ, ಅಚ್ಚುಕಟ್ಟಾಗಿ ಮುಗಿಸಿಟ್ಟರು. ನಿಖಿತಾ ಬಂದು ತೆರೆದು ನೋಡಿದರೆ ಪುಟಗಳೆಲ್ಲ ಉಲ್ಟಾ. ಮಾಂಗಾವನ್ನು ಬಲದಿಂದ ಎಡಕ್ಕೆ ಓದುವುದು. ನಾವು ಕೊನೆಯ ಪುಟ ಎನ್ನುವಲ್ಲಿ ಕಥೆ ಶುರುವಾಗುತ್ತದೆ. ನಿಖಿತಾ ಜೋಡಿಸಿಟ್ಟಿದ್ದ ಕಟ್ಟನ್ನು ನೋಡಿದ ಸುಗುಣ, ಹುಡುಗಿ ಗಡಿಬಿಡಿಯಲ್ಲಿ ಹಿಂದುಮುಂದು ಮಾಡಿದ್ದಾಳೆಂದುಕೊಂಡು ಎಲ್ಲ ಹಾಳೆಗಳನ್ನೂ ತಿರುವಿ ಹೊಲಿದಿದ್ದರು.

"ಅವ್ಳ್ ನಗಾಡ್ಲೂ ಇಲ್ಲೆ, ಬೈಲೂ ಇಲ್ಲೆ. ನನ್ನ ಪಕ್ಕ ಕೂಕಂಡ್ ಬೆರಳ್ ಇಟ್ಟ್ ತೋರ್ಸ್ಳ್. ಇಲ್ಲಿಂದ ಇಲ್ಲಿಗ್ ಕಾಣ್ಕ್, ಮತ್ತೆ ಕೆಳ್ಗೆ, ಅಂದೇಳಿ. ಹಾಂಗ್ ಕಂಡದ್ದೇ ಕಥಿ ನಡೂಕ್ ಶುರು ಆಯ್ತ್!" ಎಂದು ಸುಗುಣ ಈಗ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ. ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಅವರಿಗೆ ಬಲು ನಾಚಿಕೆಯ ಕೆಲಸ. ಒಣಗಿ ಸೊರಗಿದ ಕಾಗದ, ನೂಲು ಎಳೆದರೆ ಹರಿಯುತ್ತದೆ. ಒಂದೊಂದು ಗಂಟನ್ನೂ ಕತ್ತರಿಸಿ ತೆಗೆದರು.

ಅದಕ್ಕಿಂತ ದೊಡ್ಡ ಕಷ್ಟ ಆಮೇಲೆ ಎದುರಾಯಿತು. ಅದೇ ಪುಸ್ತಕದ ನಡುವೆ ಎರಡು ಪುಟ ತುಂಬುವಂತೆ ಒಬ್ಬ ಮುದುಕಿಯ ಮುಖವಿದೆ. ಅರ್ಧ ಮುಖ ಈ ಹಾಳೆಯಲ್ಲಿ, ಅರ್ಧ ಆ ಹಾಳೆಯಲ್ಲಿ. ಮುಂಬೈಯ ಫುಟ್‌ಪಾತಿನಲ್ಲಿ ಸಿಕ್ಕಿದ ಪುಸ್ತಕವೇ ಅದು. ಆ ಮುಖವನ್ನು ನೋಡಿಯೇ ನಿಖಿತಾ ಮೊದಲ ಸಲ ಪೆನ್ಸಿಲು ಹಿಡಿದದ್ದು. ಬಿಲ್ ಬುಕ್ಕಿಗೆ ಹಾಕುವಂತೆ ಅಂಚಿನಲ್ಲಿ ತೂತು ಕೊರೆದು ಹೊಲಿದರೆ ಮುದುಕಿಯ ಮೂಗೂ ಒಂದು ಕಣ್ಣೂ ಹೊಲಿಗೆಯೊಳಗೆ ಹೂತುಹೋಗುತ್ತವೆ.

"ಇರ್ಲಿ ಬಿಡಿ ಅಕ್ಕ, ಪುಸ್ತಕ ಉಳಿತಲೆ" ಎಂದಳು ನಿಖಿತಾ.

ಸುಗುಣರಿಗೆ ಬಿಡಲಾಗಲಿಲ್ಲ. ರದ್ದಿ ಕಾಗದದಲ್ಲಿ ಮಾಡಿ ನೋಡಿದರು, ಕಿತ್ತು ಮತ್ತೆ ಮಾಡಿದರು. ಬಚ್ಚನವರು ಬಹಳ ಹಿಂದೆ ನಕ್ಷೆಯ ಪುಸ್ತಕವೊಂದಕ್ಕೆ ಮಾಡಿದ ಕ್ರಮ ನೆನಪಿಗೆ ಬಂತು. ಪ್ರತಿ ಹಾಳೆಯ ಅಂಚಿಗೆ ತೆಳು ಕಾಗದದ ಪಟ್ಟಿ ಅಂಟಿಸುವುದು, ಹೊಲಿಗೆಯನ್ನು ಆ ಪಟ್ಟಿಗೆ ಹಾಕುವುದು. ಆಗ ಸೂಜಿ ಚಿತ್ರವನ್ನು ಮುಟ್ಟುವುದೇ ಇಲ್ಲ. ಪುಸ್ತಕ ಪೂರ್ತಿ ಬಿಚ್ಚಿಕೊಂಡು ಮಲಗುತ್ತದೆ. ಒಂದು ಪುಸ್ತಕಕ್ಕೆ ಹಿಡಿಯುವ ಹೊತ್ತಿನಲ್ಲಿ ಹತ್ತಾರು ಬಿಲ್ ಬುಕ್ ಮುಗಿಸಬಹುದು. ಹಾಗಿದ್ದರೂ ಮಾಡಿದರು.

ಮುಗಿದ ದಿನ ನಿಖಿತಾ ಆ ಪುಟ ತೆರೆದಳು. ಮುದುಕಿ ಎರಡೂ ಕಣ್ಣಿನಿಂದ ನೋಡುತ್ತಿದ್ದಳು. ಮುಖದ ನಡುವೆ ಕೂದಲೆಳೆಯಷ್ಟು ಗೆರೆ, ಅಷ್ಟೇ. ಹುಡುಗಿ ಬಗ್ಗಿ ಪುಸ್ತಕವನ್ನು ಮೂಸಿ, "ಹೊಗಿ ವಾಸ್ನಿ ಬತ್ತಿತ್ತ್ ಅಕ್ಕ" ಎಂದು ಸುಗುಣರ ಹೆಗಲಿಗೆ ಹಣೆ ಒತ್ತಿದಳು. ಮಾರುವ ಮಾತು ಅಲ್ಲಿಗೆ ಮುಗಿಯಿತು.

ಉಳಿದ ಪುಸ್ತಕಗಳ ಕೆಲಸ ಇನ್ನೂ ನಡೆದಿದೆ. ಎಲ್ಲದಕ್ಕೂ ಗಟ್ಟಿ ರಟ್ಟೇ ಬೇಕು ಎಂದಿದ್ದ ನಿಖಿತಾ ಈಗ ಕೆಲವಕ್ಕೆ ಮೆತ್ತಗಿನದೇ ಇರಲಿ ಎನ್ನುತ್ತಾಳೆ. ಬಸ್ಸಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಹೋಗಲು ಅದೇ ಹಗುರ. ಬಾಯಿಂದ ಬಾಯಿಗೆ ಸುದ್ದಿ ಹರಡಿ, ಬ್ರಹ್ಮಾವರದ ರತೀಶ್ ಎಂಬ ಕಾಲೇಜು ಉಪನ್ಯಾಸಕರು, ಬಿಜೂರಿನ ಸೌಮ್ಯಶ್ರೀ ಎಂಬ ನರ್ಸ್, ಹೀಗೆ ಮಾಂಗಾ ಕೂಡಿಡುವ ಕೆಲವರು ತೆಕ್ಕಟ್ಟೆಯ ದಾರಿ ಹಿಡಿದಿದ್ದಾರೆ. ರತೀಶ್ ಮೊನ್ನೆ ಒಂದಿಷ್ಟು ಪೇಪರ್‌ಬ್ಯಾಕ್ ತಂದು ಎಲ್ಲಕ್ಕೂ ಚರ್ಮದಂಥ ರಟ್ಟು ಹಾಕಿಕೊಡಿ ಎಂದರು. ಸುಗುಣ ಒಂದೊಂದನ್ನೂ ತೆರೆದು, ಬೆನ್ನು ಸವರಿ, ಅರ್ಧದಷ್ಟನ್ನು ಹಿಂದಕ್ಕೆ ಕೊಟ್ಟರು.

"ಇದ್ರ್ ಬೆನ್ನ್ ಗಟ್ಟಿ ಇತ್ತಲೆ ಮಾಷ್ಟ್ರೆ. ಚಂದಕ್ಕೆ ಅಂದೇಳಿ ಬಿಚ್ಚುದ್ ಎಂತಕ್ಕೆ? ಹೀಂಗೇ ಓದಿ. ಬಿಟ್ಟ್ ಹೋದ್ರೆ ತನ್ನಿ, ನಾ ಇದ್ದೆ."

ಈ ಮಾತಿಗೆ ದುಗ್ಗಪ್ಪ ಆಮೇಲೆ ಗೊಣಗಿದ್ದುಂಟು. "ಬಂದ್ ಕೆಲ್ಸ ತಿರ್ಗ್ಸಿ ಕಳ್ಸುವವ್ಳ್ ಇವ್ಳೊಬ್ಳೇ" ಎಂದು ಹೇಳುತ್ತಲೇ ಅವರು ಅಟ್ಟದ ಬಿದಿರು ಬದಲಿಸುತ್ತಿದ್ದಾರೆ. ಮತ್ತೆ ಮಳೆ ಬರಲಿದೆ.

ಗೋಂದು ತಣಿದಿದೆ. ಅಂಗಳದಲ್ಲಿ ಬೆಳಕು ಹರಿದು ಚಾವಡಿಯ ಮೇಜಿನವರೆಗೆ ಬಂದಿದೆ. ಸುಗುಣ ಕಣ್ಣಿಗೆ ಕನ್ನಡಕ ಏರಿಸಿ, ಪಟ್ಟಿಗೆ ಗೋಂದು ಸವರಿ, ಹಾಳೆಯ ಅಂಚಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಇನ್ನೆರಡು ಹಾಳೆಗೆ ಪಟ್ಟಿ ಅಂಟಿಸುತ್ತಾರೆ.

"ನಂಗೆ ಇಷ್ಟ್ ವರ್ಷದಗೆ ಓದು ಪುಸ್ತಕ ಬಂದದ್ದೆಲ್ಲ ಹಳ್ತೇ, ಹರ್ದದ್ದೇ. ಒಂದ್ಸಲ ಹೊಸದ್ ಕಾಣ್ಕ್ ಅಂದೇಳಿ ಇತ್ತ್. ಯಾರೂ ಮುಟ್ಟದ್ದ್, ಆಗಷ್ಟೇ ಬಂದದ್ದ್. ಅದಕ್ಕೆ ಮೊದ್ಲ್ ರಟ್ಟ್ ಹಾಕ್ದವ್ರ್ ಬೆನ್ನ್ ಹ್ಯಾಂಗ್ ಕೂರ್ಸಿರ್ ಅಂದೇಳಿ ಕಾಂಬ ಆಸಿ" ಎನ್ನುತ್ತಾರೆ. ಆಮೇಲೆ, ಕೇಳಿದವರು ತಪ್ಪು ತಿಳಿದಾರೆಂಬಂತೆ ಅವಸರದಲ್ಲಿ ಸೇರಿಸುತ್ತಾರೆ:

"ಬಿಚ್ಚುದಿಲ್ಲೆ ಮತ್ತೆ. ಬರೀ ಕೈಯಗೆ ಹಿಡ್ಕಂಡ್ ಕಾಂತೆ, ಅಷ್ಟೇ."