ಲೀಫ್ ಶಟರಿನೊಳಗಿನ ಮೀನು

೨೦೦೪ರಲ್ಲಿ ನಾನು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಇಲಾಖೆಯಲ್ಲಿ, ಉಪಕರಣ ದುರಸ್ತಿ ವಿಭಾಗದ ಹಿರಿಯ ತಂತ್ರಜ್ಞೆಯಾಗಿದ್ದೆ. ಊರು ಕಾಸರಗೋಡು, ಹೆಸರು ವಸಂತಿ. ಡಿಜಿಟಲ್ ಕ್ಯಾಮೆರಾ ಆಗಿನ್ನೂ ನಮ್ಮ ಸಾಹೇಬರ ಮೇಜಿಗಷ್ಟೇ ಬಂದಿತ್ತು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದ ನಮ್ಮ ಶಾಖೆ ಅಪಘಾತ ಸ್ಥಳಗಳ ಫೋಟೋಗಳನ್ನು ಅರವತ್ತರ ದಶಕದ ಜಪಾನಿ ಟ್ವಿನ್ ಲೆನ್ಸ್ ಕ್ಯಾಮೆರಾದಲ್ಲೇ ತೆಗೆಯುತ್ತಿತ್ತು.

ಅದರಲ್ಲಿ ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಕೆಳಗಿನದರೊಳಗೆ ಲೀಫ್ ಶಟರ್ ಇರುತ್ತದೆ: ಕಾಗದಕ್ಕಿಂತ ತೆಳುವಾದ ಐದು ಉಕ್ಕಿನ ಎಲೆಗಳು. ಅವು ಕ್ಷಣಾರ್ಧದಲ್ಲಿ ತೆರೆದು ಮುಚ್ಚಬೇಕಾದರೆ ಪೂರಾ ಒಣಗಿರಬೇಕು. ಎಣ್ಣೆ ಬಿದ್ದರೆ ಮೊದಲು ಸಲೀಸಾಗಿ ಓಡುತ್ತವೆ, ಕೆಲವು ವಾರಗಳಲ್ಲಿ ಜಿಗುಟಾಗಿ ಅಂಟಿಕೊಳ್ಳುತ್ತವೆ.

ಇದನ್ನು ನನಗೆ ಕಲಿಸಿದವರು ವಿಭಾಗದ ಹಿಂದಿನ ಮುಖ್ಯಸ್ಥರು. ಎಲ್ಲರೂ ಅವರನ್ನು ‘ಮಾಷ್’ ಎನ್ನುತ್ತಿದ್ದೆವು, ನಮ್ಮ ಕಡೆ ಮೇಷ್ಟ್ರು ಎಂದಂತೆ. ಕೆಲಸ ಮುಗಿದ ಮೇಲೆ ಶಟರಿನ ಒಳಗೋಡೆಯಲ್ಲಿ ಸೂಜಿಯಿಂದ ಗುರುತು ಗೀರಬೇಕು, ನಾಳೆ ಎಡವಟ್ಟಾದರೆ ಯಾರ ಕೈ ಎಂದು ಗೊತ್ತಾಗಬೇಕು ಎನ್ನುತ್ತಿದ್ದರು. ಅವರ ಗುರುತು ಪುಟ್ಟದೊಂದು ಮೀನು. ನಾನು ಕನ್ನಡದ ‘ವ’ ಗೀರುತ್ತಿದ್ದೆ.

ನಿವೃತ್ತಿಯ ನಂತರ ಕೊಚ್ಚಿಯಲ್ಲಿ ನೆಲೆಸಿದ್ದ ಮಾಷ್ ಭಾನುವಾರ ಭಾನುವಾರ ಫೋನ್ ಮಾಡಿ, ಸುಮ್ಮನೆ ಕೂತು ಸಾಕಾಗಿದೆ, ಒಂದು ಶಟರಾದರೂ ಕೊಡು ಮೋಳೇ ಎಂದು ಕೇಳುತ್ತಿದ್ದರು. ಮೋಳೇ ಎಂದರೆ ಮಗಳೇ. ಅಷ್ಟಕ್ಕೇ ನಾನು ಕರಗುತ್ತಿದ್ದೆ. ಕೊಚ್ಚಿ ಶಾಖೆಯ ಕ್ಯಾಮೆರಾ ಸರ್ವಿಸಿಗೆ ಬಂದಾಗ, ಕಚೇರಿಯ ಉಪಕರಣ ಹೊರಗೆ ಹೋಗಬಾರದೆಂದು ಗೊತ್ತಿದ್ದೂ, ಊರಿಗೆ ಹೋಗುವ ದಾರಿಯಲ್ಲಿ ಎರ್ನಾಕುಳಂ ಸ್ಟೇಷನ್ನಿನಲ್ಲಿ ಅದನ್ನು ಅವರ ಕೈಗಿತ್ತೆ. ಎರಡು ವಾರದ ಮೇಲೆ ಅಲ್ಲೇ ವಾಪಸ್ ಕೊಟ್ಟರು. ಕ್ಲಿಕ್ ಸದ್ದು ಹೊಸ ಕ್ಯಾಮೆರಾದಂತಿತ್ತು. ಮಾಷ್ ಮಾಡಿದ್ದನ್ನು ಬಿಚ್ಚಿ ನೋಡುವಷ್ಟು ದೊಡ್ಡವಳೇ ನಾನು? ರಿಜಿಸ್ಟರಿನಲ್ಲಿ ‘ಸರ್ವಿಸ್ ಮಾಡಿದವರು’ ಎಂಬಲ್ಲಿ ನನ್ನ ಸಹಿ ಹಾಕಿ ಕಳಿಸಿದೆ.

ಮರುತಿಂಗಳು ಕಳಮಶ್ಶೇರಿಯ ಹತ್ತಿರ ಒಂದು ಗೋದಾಮಿನ ಚಾವಣಿ ಕುಸಿಯಿತು. ಶಾಖೆಯ ಫೋಟೋಗ್ರಾಫರ್ ಶಶಿ ಚೇಟ್ಟನ್, ಅಂದರೆ ಶಶಿಯಣ್ಣ, ತೆಗೆದ ಅಷ್ಟೂ ನೆಗೆಟಿವ್‌ಗಳು ಬೆಳಕು ಹೆಚ್ಚಾಗಿ ಕಪ್ಪಗಾಗಿದ್ದವು. ಮತ್ತೆ ತೆಗೆಯೋಣವೆಂದರೆ ಅವಶೇಷ ತೆರವಾಗಿಹೋಗಿತ್ತು. ನಿವೃತ್ತಿಗೆ ಎರಡೇ ವರ್ಷವಿದ್ದ ಆ ಮನುಷ್ಯನನ್ನು ನಿರ್ಲಕ್ಷ್ಯದ ಆರೋಪದ ಮೇಲೆ ಅಮಾನತು ಮಾಡಿದರು. ಮೇಲಿನ ಲೆನ್ಸಿನಲ್ಲಿ ನೋಡುವವರಿಗೆ ಕೆಳಗೆ ಎಲೆಗಳು ಬೇಗ ಮುಚ್ಚದೆ ಅಂಟಿಕೊಂಡಿರುವುದು ಕಾಣುವುದೇ ಇಲ್ಲ. ಅವರ ನೌಕರಿ ಉಳಿಯಬೇಕಾದರೆ ನಾನು ಬಾಯಿ ಬಿಡಲೇಬೇಕಿತ್ತು. ಕ್ಯಾಮೆರಾ ಮಾಷ್ ಬಳಿ ಹೋಗಿದ್ದನ್ನು ಬರೆದುಕೊಟ್ಟೆ. ಅವರೂ ತಕ್ಷಣ ಒಪ್ಪಿಕೊಳ್ಳುತ್ತಾರೆಂದೇ ನಂಬಿದ್ದೆ.

ವಿಚಾರಣೆ ಐಲ್ಯಾಂಡಿನ ಕಚೇರಿಯಲ್ಲಿ ನಡೆಯಿತು. ವಿಚಾರಣಾಧಿಕಾರಿ ಮೈಸೂರಿನವರು. ಮಾಷ್ ಇಸ್ತ್ರಿಯ ಬಿಳಿ ಮುಂಡು ಉಟ್ಟು ಬಂದರು, ನನ್ನ ಕಡೆ ನೋಡಲಿಲ್ಲ.

“ಈ ಕ್ಯಾಮೆರಾ ನನ್ನ ಕೈಗೆ ಬಂದೇ ಇಲ್ಲ,” ಎಂದರು. “ಬೇಕಾದರೆ ಬಿಚ್ಚಿ ನೋಡಿ.”

ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ಧೈರ್ಯವೂ ಬಂತು, ಒಳಗೆ ಮೀನು ಇದ್ದೇ ಇರುತ್ತದಲ್ಲ ಎಂದು. ಅಧಿಕಾರಿಯ ಎದುರೇ ಮುಂದಿನ ರಿಂಗ್ ಬಿಚ್ಚಿದೆ. ಎಲೆಗಳು ಎಣ್ಣೆಯಲ್ಲಿ ತೊಯ್ದಿದ್ದವು. ಒಳಗೋಡೆಯಲ್ಲಿ ಮೀನಿರಲಿಲ್ಲ. ಹತ್ತು ವರ್ಷದ ಹಿಂದೆ ನಾನು ಗೀರಿದ್ದ ‘ವ’ ಒಂದೇ ಇತ್ತು. ಮಾಷ್ ಶಟರನ್ನು ಬಿಚ್ಚಿಯೇ ಇರಲಿಲ್ಲ. ಮುಂದಿನ ಗಾಜನ್ನಷ್ಟೇ ತಿರುಗಿಸಿ ತೆಗೆದು ಎಣ್ಣೆ ಬಿಟ್ಟಿದ್ದರು. ಗುರುತು ಇಲ್ಲವೆಂದು ಗೊತ್ತಿದ್ದೇ ‘ಬಿಚ್ಚಿ ನೋಡಿ’ ಎಂದಿದ್ದರು.

ಅಧಿಕಾರಿ ಭೂತಗನ್ನಡಿ ಹಿಡಿದು ಬಗ್ಗಿದರು. “ಇದು ನಮ್ಮ ‘ವ’ ಅಲ್ವೇನ್ರೀ?”

ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಹೌದು ಸರ್, ನನ್ನದೇ ಎಂದೆ. ಹಳೆಯ ಗುರುತು ಎಂದೂ ಹೇಳಿದೆ. ಆದರೆ ಗೀರಿಗೆ ವಯಸ್ಸು ಕಾಣುವುದಿಲ್ಲ, ರಿಜಿಸ್ಟರಿನಲ್ಲಿ ಸಹಿಯೂ ನನ್ನದೇ ಇತ್ತು.

ಹೇಳಿಕೆಗೆ ಸಹಿ ಮಾಡುವಾಗ ಮಾಷ್ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡರು. ಆದರೂ ಪೆನ್ನು ಕಾಗದದ ಮೇಲೆ ಟಕಟಕ ಎನ್ನುತ್ತಿತ್ತು. ಆ ಕೈ ಇನ್ನು ಸೂಜಿ ಹಿಡಿಯಲಾರದು ಎಂದು ನನಗೆ ತಿಳಿದದ್ದು ಆಗ. ಸ್ಟೇಷನ್ನಿನಲ್ಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಲೆಗಳನ್ನು ನಾನೇ ತೊಳೆದು ಒಣಗಿಸಿ, ಅವರ ಮೀನನ್ನೂ ನಾನೇ ಗೀರುತ್ತಿದ್ದೆ.

ಶಶಿ ಚೇಟ್ಟನ್ ಕೆಲಸಕ್ಕೆ ಮರಳಿದರು. ನನ್ನನ್ನು ದುರಸ್ತಿ ಮೇಜಿನಿಂದ ಎಬ್ಬಿಸಿ ಸ್ಟೋರ್ಸಿಗೆ ಹಾಕಿದರು. ನಿವೃತ್ತಿಯವರೆಗೂ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಭಾನುವಾರದ ಫೋನು ನಿಂತುಹೋಯಿತು. ಆ ನಡುಗುವ ಕೈಯ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಮಾಷ್ ಅಂದು ಆಡಿದ ಮಾತನ್ನು ಇವತ್ತಿಗೂ ಕ್ಷಮಿಸಿಲ್ಲ.

ಸ್ಟೋರ್ಸಿನಲ್ಲಿ ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಿಸಿ ನೋಡಿಯೇ ಸಹಿ ಹಾಕುತ್ತಿದ್ದೆ. ಸಂಶಯದ ಪಿಶಾಚಿ ಎಂದು ಸಹೋದ್ಯೋಗಿಗಳು ಗೇಲಿ ಮಾಡುತ್ತಿದ್ದರು. ಎಷ್ಟೇ ಪ್ರೀತಿಯವರು ಕೊಟ್ಟರೂ ಬಿಚ್ಚಿ ನೋಡದೆ ಸಹಿ ಹಾಕಬಾರದು. ಈ ಪಾಠವನ್ನೂ ಕಲಿಸಿದವರು ಮಾಷ್.