ಕೇಳದವರ ಸನ್ಮಾನ

ಸನ್ಮಾನದ ಶಾಲು ಯಾರನ್ನಾದರೂ ಬೆಚ್ಚಗಿಟ್ಟಿದ್ದನ್ನು ನಾನಂತೂ ಕಂಡಿಲ್ಲ. ಹೊದಿಸಿದ ಕ್ಷಣದಿಂದಲೇ ಅದು ಜಾರತೊಡಗುತ್ತದೆ. ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಸ್ಮರಣಿಕೆ ಇರುವುದರಿಂದ ಸನ್ಮಾನಿತರು ಅದನ್ನು ಗದ್ದದಿಂದಲೇ ಒತ್ತಿ ಹಿಡಿದು ಫೋಟೊಕ್ಕೆ ನಗಬೇಕು. ನಮ್ಮ ಮನೆಯಲ್ಲೂ ಇಂಥ ಎರಡು ಶಾಲುಗಳಿವೆ. ಒಂದರ ಮೇಲೆ ಇಸ್ತ್ರಿ ಮಾಡುತ್ತೇವೆ. ಇನ್ನೊಂದು ಯಾರದಾದರೂ ಗೃಹಪ್ರವೇಶಕ್ಕೆ ಕಾಯುತ್ತಿದೆ. ಹೈದರಾಬಾದಿನ ಸೆಕೆಯಲ್ಲಿ ಮೂರನೆಯ ಉಪಯೋಗ ನನಗೆ ಹೊಳೆದಿಲ್ಲ.

ಇಷ್ಟೆಲ್ಲ ತಿಳಿದೂ, ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಕನ್ನಡಿಗರು ಗಣರಾಜ್ಯೋತ್ಸವಕ್ಕೆ ಏನು ಮಾಡೋಣವೆಂದು ಕೂತಾಗ, ಸೈನಿಕರೊಬ್ಬರಿಗೆ ಶಾಲು ಹೊದಿಸೋಣ ಎಂದವನು ನಾನೇ. ಹುಡುಕಬೇಕಾಗಿಯೂ ಇರಲಿಲ್ಲ. ನಮ್ಮ ಗೇಟಿನಲ್ಲಿ ನಿಲ್ಲುವ ಬೀದರ್ ಕಡೆಯ ಶರಣಪ್ಪನವರು ನಿವೃತ್ತ ಹವಾಲ್ದಾರರು. ಸೇವೆಯುದ್ದಕ್ಕೂ ಫಿರಂಗಿದಳದಲ್ಲಿ, ತೋಪುಗಳ ಮಗ್ಗುಲಲ್ಲಿ ನಿಂತವರು. ಅವರ ಸೆಲ್ಯೂಟೆಂದರೆ ಎಲ್ಲರಿಗೂ ಪ್ರೀತಿ. ಹಾಲಿನವನ ಬಗ್ಗೆ ದೂರಿದರೂ ಸೆಲ್ಯೂಟ್, ಸೆಕೆಯ ಬಗ್ಗೆ ಗೊಣಗಿದರೂ ಸೆಲ್ಯೂಟ್. ವಿಶ್ವವಿದ್ಯಾಲಯ ನನಗೆ ಕಲಿಸಿದ ಏಕೈಕ ವಿದ್ಯೆ ಸಂಶಯ. ದೇವರನ್ನೂ ದಿನಪತ್ರಿಕೆಯನ್ನೂ ನನ್ನದೇ ನೆನಪನ್ನೂ ಸಮಭಾವದಿಂದ ಶಂಕಿಸುತ್ತೇನೆ. ಆ ಸೆಲ್ಯೂಟನ್ನು ಮಾತ್ರ ಶಂಕಿಸಲಿಲ್ಲ. ನನಗೇ ಸಲ್ಲುತ್ತಿದ್ದ ಗೌರವವಲ್ಲವೇ?

ಅಭಿನಂದನಾ ಭಾಷಣವೂ ನನ್ನದೇ. ಶೌರ್ಯ, ಧೈರ್ಯ, ಸ್ಥೈರ್ಯ ಎಂದು ಪ್ರಾಸದ ಪದಾತಿದಳವನ್ನೇ ಶಾಮಿಯಾನದ ಕೆಳಗೆ ನಡೆಸಿದೆ. ಶರಣಪ್ಪನವರು ಬೆನ್ನು ಬಾಗಿಸದೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಇಂಥ ಶ್ರೋತೃ ಸಿಕ್ಕಿದ್ದು ಭಾಗ್ಯವೆನಿಸಿ ನಾನು ಇನ್ನಷ್ಟು ಲಂಬಿಸಿದೆ. ಕೊನೆಗೆ ಅವರಿಗೆ ಮೈಕು ಕೊಟ್ಟು ನಾಲ್ಕು ಮಾತಾಡಿ ಎಂದೆವು. ಸೆಲ್ಯೂಟ್ ಹೊಡೆದರು. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಉಪ್ಪಿಟ್ಟಿನ ಮೇಜಿನ ಬಳಿ ಹೊಗಳಿಕೆಯ ಆಸೆಯಿಂದ ಅವರ ಹತ್ತಿರ ಹೋದೆ. "ನನ್ನ ಮಾತು ಹೇಗಿತ್ತು, ಶರಣಪ್ಪನವರೇ?" ಸೆಲ್ಯೂಟ್. "ತಿಂಡಿ ಆಯಿತೇ?" ಸೆಲ್ಯೂಟ್. "ಮನೆಯಲ್ಲಿ ಯಾರ್ಯಾರಿದ್ದಾರೆ?" ಅದಕ್ಕೂ ಸೆಲ್ಯೂಟ್. ಪಕ್ಕದಲ್ಲಿದ್ದ ನನ್ನ ಹೆಂಡತಿ ಕಲಬುರಗಿಯವಳು, ನನ್ನನ್ನು ಸರಿಸಿ ಅವರ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಕೇಳಿದಳು: "ಅಣ್ಣಾರ, ನಿಮಗ ಕೇಳಸಂಗಿಲ್ಲೇನು?"

ಅವರು ಸುತ್ತ ನೋಡಿದರು. "ಮೆಲ್ಲಕ ಅನ್ರಿ, ಅಕ್ಕಾರ. ತೋಪಿನ ಬಾಜೂಕ ನಿಂತು ನಿಂತು ಕಿವಿ ಹೋಗ್ಯಾವ್ರಿ. ಸೊಸೈಟಿಯವ್ರಿಗೆ ಗೊತ್ತಾದ್ರ ಗೇಟಿನಾಗ ಇಟ್ಕೋತಾರೇನು? ಮಗಳ ನರ್ಸಿಂಗ್ ಮುಗಿಯೂತನಾ ಈ ನೌಕ್ರಿ ಬೇಕ್ರಿ."

"ಮೆಲ್ಲಕ ಅಂದ್ರ ನಿಮಗ ಕೇಳಸಬೇಕಲ್ರಿ!" ಎಂದಳು ಅವಳು. "ಕಿವಿಗೆ ಮಷೀನ್ ಹಾಕ್ಸಬಾರದೇನು?"

"ಮಾಜಿ ಸೈನಿಕರ ದವಾಖಾನ್ಯಾಗ ಕೊಡ್ತಾರ. ಹೋಗಿದ್ದೆ. ಅಲ್ಲೆ ಹೆಸರು ಕೂಗ್ತಾರ್ರಿ, ನನಗ ಕೇಳಸವಲ್ದು. ಸಂಜೀತನಾ ಕುಂತು ಎದ್ದು ಬಂದ್ನಿ." ಅವರೇ ನಕ್ಕರು. "ಕಿವಿ ಇದ್ದವ್ರಿಗೇ ಕಿವಿ ಸಿಗ್ತಾವ ನೋಡ್ರಿ."

ನಾನು ನಗಲಿಲ್ಲ ಎಂದು ಬರೆಯಬೇಕು. ನಕ್ಕೆನೇನೋ ಎಂಬ ಅನುಮಾನವಿದೆ. ಕನ್ನಡದಲ್ಲಿ ಕಿವಿಯ ಕೆಲಸಕ್ಕೂ ನಾಲಿಗೆಯ ಕೆಲಸಕ್ಕೂ ಒಂದೇ ಕ್ರಿಯಾಪದ: ಕೇಳು. ಅವರು ಕೇಳಲಿಲ್ಲವೆಂದರೆ ಅದು ತೋಪಿನ ದೋಷ. ನಾವು ಕೇಳಲಿಲ್ಲವೆಂದರೆ ಯಾವುದರ ದೋಷ? ಶಾಲಿನ ಬಣ್ಣ ಕೇಸರಿಯೋ ಹಸಿರೋ ಎಂದು ಇಡೀ ಸಂಜೆ ಚರ್ಚಿಸಿದ ನಾವು, ನಿಮಗೇನು ಬೇಕು ಎಂದು ಗೇಟಿನ ತನಕ ನಡೆದು ಹೋಗಿ ಕೇಳಿರಲಿಲ್ಲ. ಅವರಿಗೆ ಬೇಕಿದ್ದದ್ದು ಪಕ್ಕದಲ್ಲಿ ಕೂತು ಹೆಸರು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ.

ಮನೆಗೆ ಬಂದ ಮೇಲೆ ನೆನಪು ಕಾಡತೊಡಗಿತು. ಹಿಂದೊಮ್ಮೆ ಲಿಫ್ಟಿನ ಬಳಿ ಅವರು ಕಿವಿ ಮುಟ್ಟಿಕೊಂಡು ಏನೋ ಹೇಳಬಂದಿದ್ದರಲ್ಲವೇ? ನಾನು "ನಾಳೆ ನೋಡೋಣ" ಎಂದು ಒಳಹೊಕ್ಕಿದ್ದೆನಲ್ಲವೇ? ಅವತ್ತು ಬಂದದ್ದು ಶರಣಪ್ಪನವರಲ್ಲ, ಪ್ಲಂಬರ್ ಎನ್ನುತ್ತಾಳೆ ಹೆಂಡತಿ. ಅವಳನ್ನು ನಂಬುವುದು ನನಗೆ ಎಷ್ಟು ಅನುಕೂಲವೆಂದರೆ, ಆ ಕಾರಣಕ್ಕೇ ನಂಬಲಾಗುತ್ತಿಲ್ಲ.

ಪ್ರಾಯಶ್ಚಿತ್ತವೆಂದು, ಅವರ ಮುಂದಿನ ರಜೆಯ ದಿನ ಜೊತೆಗೆ ಹೊರಟೆ. ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ, ಆಟೊ ಹಿಡಿದು ದವಾಖಾನೆ ಸೇರಿದೆವು. ಇಬ್ಬರೂ ಬೆಂಚಿನ ಮೇಲೆ ಕೂತೆವು. ಅವರು ಕೌಂಟರಿನತ್ತ ನೋಡುತ್ತ ನೆಟ್ಟಗೆ ಕೂತರು. ನನ್ನದು ಎರಡು ಕಿವಿಯಿರುವ ಯಾವ ಪ್ರಾಣಿಯೂ ಮಾಡಬಹುದಾದ ಕೆಲಸ: ಸುಮ್ಮನೆ ಕೇಳುತ್ತಿರುವುದು. ತೆಲುಗು ಹಿಂದಿಗಳಲ್ಲಿ ಹೆಸರುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಷ್ಟರಲ್ಲಿ ಜೇಬಿನ ಫೋನು ನಡುಗಿತು. ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ನನ್ನ ಭಾಷಣದ ತುಣುಕು ಹಾಕಿದ್ದರು. ಅದರ ಕೆಳಗೆ "ಸರ್, ಕಣ್ಣು ತುಂಬಿ ಬಂತು" ಎಂಬಂಥ ಪ್ರಶಂಸೆಗಳು. ನನ್ನದೇನಿಲ್ಲ, ಎಲ್ಲ ನಮ್ಮ ವೀರಯೋಧರದು ಎಂಬ ವಿನಮ್ರ ಉತ್ತರವೊಂದನ್ನು ಹೊಸೆಯುತ್ತ ಒಂದು ವಿಶೇಷಣಕ್ಕಾಗಿ ತಡಕಾಡುತ್ತಿದ್ದಾಗ, ಮೊಣಕಾಲಿನ ಮೇಲೆ ಒಂದು ಕೈ ಬಿತ್ತು.

"ಸರ್, ಆ ಸಿಸ್ಟರ್‌ದು ಬಾಯಿ ನೋಡಿದ್ರ ನನ್ನ ಹೆಸರು ಅಂದಂಗ ಕಾಣಸ್ತು. ಕರದ್ರೇನ್ರಿ?"

ಕರೆದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು.

"ಇರ್ಲಿ ಬಿಡ್ರಿ, ನೀವು ಕುಂದರ್ರಿ," ಎಂದು ಎದ್ದರು ಶರಣಪ್ಪನವರು. "ನಾನ ಹೋಗಿ ಕೇಳ್ಕೊಂಡು ಬರ್ತೀನಿ."